ಸಕ್ಕರೆ ಕಾಯಿಲೆಗೆ ಕರುಳಿನ ದಾರಿ

ಜಠರ ಮುಗಿದ ಕೂಡಲೇ ಶುರುವಾಗುವ ಸಣ್ಣಕರುಳಿನ ಮೊದಲ ಭಾಗವನ್ನು ವೈದ್ಯರು ಡ್ಯುಯೊಡಿನಮ್ ಎನ್ನುತ್ತಾರೆ. ಸುಮಾರು 25 ಸೆಂಟಿಮೀಟರ್ ಉದ್ದದ ಈ ತುಂಡು ಮೇದೋಜೀರಕ ಗ್ರಂಥಿಯನ್ನು ಬಳಸಿಕೊಂಡು ಬಾಗುತ್ತದೆ. ಪಿತ್ತರಸವೂ ಮೇದೋಜೀರಕ ರಸವೂ ಬಂದು ಸೇರುವುದು ಇಲ್ಲಿಯೇ. ಬೊಜ್ಜು ಮತ್ತು ಎರಡನೇ ಬಗೆಯ ಸಕ್ಕರೆ ಕಾಯಿಲೆಗೆ, ಹೊಟ್ಟೆ ಕೊಯ್ಯದೆ ಬಾಯಿಯ ಮೂಲಕವೇ ಮಾಡುವ ಹೊಸ ಚಿಕಿತ್ಸೆಗಳ ಕಣ್ಣು ಬಹುಮಟ್ಟಿಗೆ ಈ ಒಂದು ಗೇಣು ಕರುಳಿನ ಮೇಲಿದೆ.

ಸಕ್ಕರೆ ಕಾಯಿಲೆಯೂ ಕರುಳಿನ ಶಸ್ತ್ರಚಿಕಿತ್ಸೆಯೂ ಭಾರತದ ಹಳೆಯ ವೈದ್ಯಗ್ರಂಥಗಳಿಗೆ ಗೊತ್ತಿದ್ದವು. ಚರಕ ಸಂಹಿತೆ ಪ್ರಮೇಹದ, ಎಂದರೆ ಸಕ್ಕರೆ ಕಾಯಿಲೆಯೂ ಸೇರಿದ ಮೂತ್ರರೋಗಗಳ, ರೋಗಿಗಳಲ್ಲಿ ದಪ್ಪಗಿದ್ದು ಬಲವುಳ್ಳವರು, ಬಡಕಲಾಗಿ ಬಲಗುಂದಿದವರು ಎಂದು ಎರಡು ಬಗೆ ಮಾಡಿ, ಇಬ್ಬರಿಗೂ ಬೇರೆ ಬೇರೆ ಚಿಕಿತ್ಸೆ ಹೇಳುತ್ತದೆ. ತೂತಾದ ಕರುಳಿನ ಅಂಚುಗಳನ್ನು ಕೂಡಿಸಿ, ಕಪ್ಪು ಇರುವೆಗಳಿಂದ ಕಚ್ಚಿಸಿ, ತಲೆಯನ್ನಷ್ಟೇ ಉಳಿಸಿ ಮೈ ಕಿತ್ತುಹಾಕುವ ವಿಧಾನ ಸುಶ್ರುತ ಸಂಹಿತೆಯಲ್ಲಿದೆ. ಆದರೆ ಕರುಳನ್ನು ಮುಟ್ಟಿ ಸಕ್ಕರೆಯನ್ನು ಹತೋಟಿಗೆ ತರುವ ಯೋಚನೆ 20ನೆಯ ಶತಮಾನದ್ದು.

ಅದರ ಮೊದಲ ಸುಳಿವು ಸಿಕ್ಕಿದ್ದು ಪ್ರಯೋಗಶಾಲೆಯಲ್ಲಿ. 1902ರಲ್ಲಿ ಲಂಡನ್ನಿನ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್, ಸಣ್ಣಕರುಳಿನ ಒಳಪೊರೆಯಿಂದ ರಕ್ತಕ್ಕೆ ಸೇರುವ ಒಂದು ರಾಸಾಯನಿಕ ಮೇದೋಜೀರಕ ಗ್ರಂಥಿಯನ್ನು ಚುರುಕುಗೊಳಿಸುತ್ತದೆಂದು ತೋರಿಸಿ ಅದನ್ನು ಸೆಕ್ರೆಟಿನ್ ಎಂದು ಕರೆದರು. ನಾಲ್ಕು ವರ್ಷದ ಬಳಿಕ ಲಿವರ್‌ಪೂಲ್‌ನಲ್ಲಿ ಬೆಂಜಮಿನ್ ಮೂರ್ ಮತ್ತು ಸಂಗಡಿಗರು ಡ್ಯುಯೊಡಿನಮ್ ಒಳಪೊರೆಯ ಸಾರವನ್ನೇ ಸಕ್ಕರೆ ರೋಗಿಗಳಿಗೆ ಕುಡಿಸಿ ನೋಡಿದರು. ನೆಚ್ಚಿಕೊಳ್ಳುವಂಥ ಗುಣ ಕಾಣಲಿಲ್ಲ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ದೊರೆತ ಮೇಲೆ ಎಲ್ಲರ ಗಮನವೂ ಮೇದೋಜೀರಕ ಗ್ರಂಥಿಯ ಕಡೆಗೆ ಹೊರಳಿತು. ಅದು ಸಹಜವೇ. ಸಾಯುವ ಮಕ್ಕಳನ್ನು ಉಳಿಸುವ ಔಷಧಿ ಕೈಯಲ್ಲಿರುವಾಗ ಕರುಳಿನ ವಿಚಾರ ಯಾರಿಗೂ ತುರ್ತಾಗಿ ಕಾಣಲಿಲ್ಲ. 1964ರ ಹೊತ್ತಿಗೆ ಇನ್ಸುಲಿನ್ ಪ್ರಮಾಣವನ್ನು ರಕ್ತದಲ್ಲಿ ಅಳೆಯುವುದು ಸಾಧ್ಯವಾಗಿತ್ತು. ಗ್ಲೂಕೋಸನ್ನು ರಕ್ತನಾಳಕ್ಕೆ ಚುಚ್ಚಿದಾಗ ಬರುವುದಕ್ಕಿಂತ ಬಾಯಿಂದ ಕುಡಿಸಿದಾಗ ಹೆಚ್ಚು ಇನ್ಸುಲಿನ್ ಸ್ರವಿಸುತ್ತದೆ ಎಂಬುದು ಆ ವರ್ಷ ಖಚಿತವಾಯಿತು. ಕರುಳು ಏನೋ ಸಂದೇಶ ಕಳಿಸುತ್ತದೆ ಎಂಬ ಹಳೆಯ ಊಹೆಗೆ ಹೀಗೆ ಜೀವ ಬಂತು. ಆ ಸಂದೇಶ ಒಯ್ಯುವ ಜಿಐಪಿ, ಜಿಎಲ್‌ಪಿ-1 ಎಂಬ ಹಾರ್ಮೋನುಗಳ ಗುರುತು ಸಿಕ್ಕಿದ್ದು ಮುಂದಿನ ಎರಡು ದಶಕಗಳಲ್ಲಿ.

ಶಸ್ತ್ರವೈದ್ಯರು ಇದೇ ಜಾಗಕ್ಕೆ ಬಂದದ್ದು ಬೇರೆ ದಾರಿಯಿಂದ. ಅವರಿಗೆ ಬೇಕಾಗಿದ್ದುದು ತೂಕ ಇಳಿಸುವುದು. 1954ರಲ್ಲಿ ಅಮೆರಿಕದಲ್ಲಿ ವರದಿಯಾದ ಮೊದಲ ಬಗೆಯ ಶಸ್ತ್ರಕ್ರಿಯೆಯಲ್ಲಿ ಸಣ್ಣಕರುಳಿನ ಬಹುಪಾಲನ್ನು ಆಹಾರದ ಹಾದಿಯಿಂದಲೇ ತಪ್ಪಿಸಲಾಯಿತು. ತೂಕ ಇಳಿಯಿತು, ಆದರೆ ಜೊತೆಗೆ ಮೂತ್ರಪಿಂಡದ ಕಲ್ಲು, ಬಿಡದ ಭೇದಿ, ಕೆಲವರಲ್ಲಿ ಯಕೃತ್ತಿನ ವೈಫಲ್ಯ ಬಂದವು. ಕೊನೆಗೆ ಆ ಶಸ್ತ್ರಕ್ರಿಯೆಯನ್ನೇ ಕೈಬಿಡಬೇಕಾಯಿತು. ಆಯೊವಾದ ಎಡ್ವರ್ಡ್ ಮೇಸನ್ 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಶುರುಮಾಡಿದರು. ಜಠರದ ಮೇಲ್ಭಾಗವನ್ನು ಸಣ್ಣ ಚೀಲವಾಗಿ ಬೇರ್ಪಡಿಸಿ, ಅದಕ್ಕೆ ಸಣ್ಣಕರುಳಿನ ಮುಂದಿನ ಭಾಗವನ್ನು ಜೋಡಿಸಿದರೆ ಊಟ ಡ್ಯುಯೊಡಿನಮ್ ಅನ್ನು ಮುಟ್ಟದೆ ಮುಂದೆ ಹೋಗುತ್ತದೆ.

ನಾರ್ತ್ ಕೆರೊಲಿನಾದ ವಾಲ್ಟರ್ ಪೋರೀಸ್ ಮತ್ತು ಸಂಗಡಿಗರು 1995ರಲ್ಲಿ ಇಂಥ 608 ರೋಗಿಗಳ ಲೆಕ್ಕವನ್ನು ಪ್ರಕಟಿಸಿದರು. ಅವರಲ್ಲಿ ಸಕ್ಕರೆ ಕಾಯಿಲೆಯಿದ್ದ 146 ಮಂದಿಯ ಪೈಕಿ 121 ಮಂದಿಯ ಸಕ್ಕರೆ ಸಹಜ ಮಟ್ಟಕ್ಕೆ ಬಂದಿತ್ತು. ಅದಕ್ಕಿಂತ ದೊಡ್ಡ ಅಚ್ಚರಿಯೆಂದರೆ, ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಇಳಿಯುತ್ತಿತ್ತು. ಹಾಗಾದರೆ ಕಾರಣ ಬರೀ ತೂಕವಲ್ಲ. 2004ರಲ್ಲಿ ಫ್ರಾನ್ಸೆಸ್ಕೊ ರುಬಿನೊ ಮತ್ತು ಜಾಕ್ ಮಾರೆಸ್ಕೊ ಬೊಜ್ಜಿಲ್ಲದ, ಹುಟ್ಟಿನಿಂದಲೇ ಸಕ್ಕರೆ ಕಾಯಿಲೆಯ ತಳಿಯ ಇಲಿಗಳಲ್ಲಿ ಡ್ಯುಯೊಡಿನಮ್ ಮತ್ತು ಅದರ ಮುಂದಿನ ಸ್ವಲ್ಪ ಕರುಳನ್ನಷ್ಟೇ ಆಹಾರದ ಹಾದಿಯಿಂದ ತಪ್ಪಿಸಿ ಸಕ್ಕರೆ ಸುಧಾರಿಸುವುದನ್ನು ತೋರಿಸಿದರು. ಎರಡು ವರ್ಷದ ನಂತರದ ಪ್ರಯೋಗದಲ್ಲಿ ಆಹಾರವನ್ನು ಮತ್ತೆ ಹಳೆಯ ದಾರಿಗೆ ಬಿಟ್ಟಾಗ ಕಾಯಿಲೆ ಮರಳಿತು. ಈ ಇಡೀ ಚರಿತ್ರೆಯ ತಿರುವು ಇದೇ.

ಈ ನಡುವೆ ಕೊಯ್ತವೂ ಚಿಕ್ಕದಾಗುತ್ತ ಬಂದಿತ್ತು. ಭಾರತದಲ್ಲಿ ತೆಹಮ್ಟನ್ ಉದ್ವಾಡಿಯಾ ಮುಂಬಯಿಯಲ್ಲಿ ಪಿತ್ತಕೋಶವನ್ನು, ಹೊಟ್ಟೆಗೆ ಚಿಕ್ಕ ತೂತುಗಳನ್ನಷ್ಟೇ ಮಾಡುವ ಲ್ಯಾಪರೊಸ್ಕೋಪಿಯಿಂದ ತೆಗೆದದ್ದು 1990ರಲ್ಲಿ. ಅಮೆರಿಕದಲ್ಲಿ ಬೈಪಾಸ್ ಕೂಡ ಇದೇ ವಿಧಾನದಲ್ಲಿ ಆದ ವರದಿ 1994ರದು. ಡ್ಯುಯೊಡಿನಮ್ ತಪ್ಪಿಸಿದರೆ ಸಾಕೆನ್ನುವುದಾದರೆ, ಆ ಚಿಕ್ಕ ತೂತುಗಳೂ ಏಕೆ ಎಂಬ ಪ್ರಶ್ನೆ ಎದ್ದಿತು.

ಅದಕ್ಕೆ ಬಂದ ಮೊದಲ ಉತ್ತರ ಎಂಡೋಬ್ಯಾರಿಯರ್. ಅಂಗಿಯ ತೋಳಿನಂಥ, 60 ಸೆಂಟಿಮೀಟರ್ ಉದ್ದದ ತೆಳು ಪ್ಲಾಸ್ಟಿಕ್ ಕೊಳವೆ ಅದು. ಎಂಡೋಸ್ಕೋಪಿಯ ಸಹಾಯದಿಂದ ಬಾಯಿಯ ಮೂಲಕ ಇಳಿಸಿ, ಲೋಹದ ಕೊಕ್ಕೆಗಳಿಂದ ಡ್ಯುಯೊಡಿನಮ್ ಬಾಯಿಯಲ್ಲೇ ಸಿಕ್ಕಿಸಿ, ಒಂದು ವರ್ಷದೊಳಗೆ ತೆಗೆಯುತ್ತಿದ್ದರು. ಊಟ ಕೊಳವೆಯ ಒಳಗೆ ಇಳಿದರೆ ಪಿತ್ತರಸ ಹೊರಮೈ ಮೇಲೆ ಹರಿಯುತ್ತಿತ್ತು. ಎರಡೂ ಬೆರೆಯುತ್ತಿದ್ದುದು ಕೊಳವೆ ಮುಗಿದ ಮೇಲೆ. ಜಾಣ ಉಪಾಯವೇ, ಆದರೆ ಕೊಕ್ಕೆ ಕಚ್ಚಿದ ಕರುಳಿನಲ್ಲಿ ಸೋಂಕಿನ ಭಯ ಇದ್ದೇ ಇತ್ತು. ಅಮೆರಿಕದ ಪ್ರಯೋಗದಲ್ಲಿ ಶೇ 3.5ರಷ್ಟು ಮಂದಿಗೆ ಯಕೃತ್ತಿನಲ್ಲಿ ಕೀವು ತುಂಬಿದ್ದರಿಂದ 2015ರಲ್ಲಿ ಅದನ್ನು ನಿಲ್ಲಿಸಲಾಯಿತು. 2017ರಲ್ಲಿ ಯುರೋಪಿನ ಪರವಾನಗಿಯೂ ಹೋಯಿತು. ಬ್ರಿಟನ್ನಿನಲ್ಲಿ 170 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ತೂಕ ಹೆಚ್ಚು ಇಳಿಯಿತಾದರೂ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಮಾತ್ರ ಕೊಳವೆಯಿಲ್ಲದೆ ಔಷಧ, ಪಥ್ಯದಲ್ಲಿದ್ದವರಿಗಿಂತ ಮೇಲಾಗಲಿಲ್ಲ.

ಎರಡನೆಯ ಉಪಾಯದಲ್ಲಿ ಒಳಗೆ ಏನನ್ನೂ ಬಿಡುವುದಿಲ್ಲ. ಡ್ಯುಯೊಡಿನಮ್ ಒಳಪೊರೆಯ ಕೆಳಗೆ ಲವಣನೀರು ಚುಚ್ಚಿ ಪೊರೆಯನ್ನು ಎತ್ತಲಾಗುತ್ತದೆ. ಆ ನೀರು ಆಳದ ಸ್ನಾಯುವನ್ನು ಕಾಪಾಡುತ್ತದೆ. ಆಮೇಲೆ ಬಿಸಿನೀರು ತುಂಬಿದ ಬಲೂನನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಮೇಲ್ಪದರ ಬೆಂದು ಉದುರಿ, ಹೊಸ ಪದರ ಬೆಳೆಯುತ್ತದೆ. ಚಿಲಿ ದೇಶದ ಸ್ಯಾಂಟಿಯಾಗೊದಲ್ಲಿ 39 ಮಂದಿಗೆ ಮಾಡಿದ ಮೊದಲ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಹೆಚ್ಚು ಉದ್ದ ಸುಟ್ಟವರಲ್ಲಿ ಸಕ್ಕರೆ ಹೆಚ್ಚು ಇಳಿದಿತ್ತು. ಮೂವರಿಗೆ ಕರುಳು ಕಿರಿದಾಗಿ, ಬಲೂನಿನಿಂದ ಹಿಗ್ಗಿಸಬೇಕಾಯಿತು. ಬಿಸಿಯ ಬದಲು ವಿದ್ಯುತ್ ಮಿಡಿತ ಬಳಸುವ ವಿಧಾನ, ಅಯಸ್ಕಾಂತಗಳಿಂದ ಕರುಳಿನ ಎರಡು ಭಾಗಗಳನ್ನು ಒತ್ತಿಹಿಡಿದು ಅಡ್ಡದಾರಿ ತೆರೆಯುವ ವಿಧಾನ ಇವುಗಳ ಬೆನ್ನಿಗೇ ಬಂದಿವೆ. ಯಾವುದೂ ಇನ್ನೂ ದಿನಬಳಕೆಯ ಚಿಕಿತ್ಸೆಯಾಗಿಲ್ಲ. ಕರುಳಿನ ಹಾರ್ಮೋನನ್ನೇ ಅನುಕರಿಸುವ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದುಗಳು ಅಷ್ಟರಲ್ಲಿ ಬಹಳ ಮುಂದೆ ಹೋಗಿವೆ.

ಚಿತ್ರದುರ್ಗ ಸೀಮೆಯಂಥ ಒಣನಾಡಿಗೆ ಈ ಚರಿತ್ರೆ ದೂರದ್ದಲ್ಲ. ರಾಗಿಮುದ್ದೆ, ನವಣೆ, ಹೊಸದುರ್ಗದ ಕಡೆಯ ಸಾವೆ ಇಲ್ಲಿನ ಹಳೆಯ ಊಟ. ತೌಡು ತೆಗೆಯದ ಸಾವೆಯಲ್ಲಿ ನಾರು ಹೆಚ್ಚು, ಅರಗುವುದು ನಿಧಾನ. ಪಾಲಿಶ್ ಮಾಡಿದ ಅಕ್ಕಿಯ ಸಕ್ಕರೆಯಾದರೋ ಸಣ್ಣಕರುಳಿನ ಮೊದಲ ಭಾಗದಲ್ಲೇ ಬೇಗ ರಕ್ತಕ್ಕೆ ಸೇರಿಬಿಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ವರದಿಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10.1 ಕೋಟಿ. ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಈ ಕಾಯಿಲೆ ಬರುವುದರಿಂದ, 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಅವರಿಗೆ ದೇಹತೂಕ ಸೂಚ್ಯಂಕ 27.5 ದಾಟಿದರೆ ಶಸ್ತ್ರಚಿಕಿತ್ಸೆಯ ಅವಕಾಶ ಕೊಡಬೇಕು ಎನ್ನುತ್ತದೆ. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ ಗೊತ್ತುಮಾಡಿದ ಪ್ರಮಾಣಿತ ಷರತ್ತಿನಲ್ಲಿ ಮಾತ್ರ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಿದ್ದರೂ ಆ ಸೂಚ್ಯಂಕ 35 ಇರಬೇಕು. 165 ಸೆಂಟಿಮೀಟರ್ ಎತ್ತರದವರ ಲೆಕ್ಕದಲ್ಲಿ ಮೊದಲನೆಯದು ಸುಮಾರು 75 ಕಿಲೊ, ಎರಡನೆಯದು 95 ಕಿಲೊ. ಈ ಎರಡರ ನಡುವೆ ಇರುವವರು ಶಸ್ತ್ರಚಿಕಿತ್ಸೆಯ ಖರ್ಚನ್ನು ತಾವೇ ಹೊರಬೇಕಾಗುತ್ತದೆ.