ಇಟಲಿಯ ವಿದ್ಯಾನವೋದಯ ಮತ್ತು ನಮ್ಮ ಶಾಸ್ತ್ರದಾನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ನಮ್ಮ ಆಚಾರ್ಯರು ಶ್ರಾವಕರಿಗೆ ವಿಧಿಸಿದ್ದಾರೆ. ಉಳಿದ ಮೂರರ ಫಲವು ಕಣ್ಣೆದುರಿಗೇ ಕಾಣುತ್ತದೆ. ಶಾಸ್ತ್ರದಾನದ ಫಲವು ಎಷ್ಟೋ ವೇಳೆ ದಾನಿಯ ಆಯುಷ್ಯ ಮುಗಿದ ಮೇಲೆಯೇ ತೋರುತ್ತದೆ. ಒಂದು ಸಮಾಜದ ವರ್ತಕರ ಹಣವು ಗ್ರಂಥಗಳತ್ತ ಹರಿದಾಗ ಏನಾಗುತ್ತದೆ ಎಂಬುದಕ್ಕೆ ಯುರೋಪಿನ ಇತಿಹಾಸದಲ್ಲಿ ಇಟಲಿಯ ನಿದರ್ಶನವು ಪ್ರಸಿದ್ಧವಾಗಿದೆ. ಅದನ್ನು ನಮ್ಮ ನಾಡಿನ ಅದಕ್ಕಿಂತ ಹಳೆಯ ನಿದರ್ಶನವೊಂದರ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಹದಿನಾಲ್ಕು ಮತ್ತು ಹದಿನೈದನೆಯ ಶತಮಾನಗಳಲ್ಲಿ ಫ್ಲಾರೆನ್ಸ್, ವೆನಿಸ್ ಮೊದಲಾದ ನಗರಗಳು ಉಣ್ಣೆ, ರೇಷ್ಮೆ, ಲೇವಾದೇವಿಗಳಿಂದ ಸಿರಿವಂತವಾದವು. ಆಗ ಕೆಲವು ವಿದ್ವಾಂಸರು ಮರೆತುಹೋಗಿದ್ದ ಪ್ರಾಚೀನ ಗ್ರಂಥಗಳನ್ನು ಹುಡುಕಲು ಹೊರಟರು. ಕವಿ ಪೆಟ್ರಾರ್ಕನು 1345ರಲ್ಲಿ ವೆರೋನದಲ್ಲಿ ಸಿಸಿರೋವಿನ ಪತ್ರಗಳನ್ನು ಕಂಡನು. ಪೊಜ್ಜೊ ಎಂಬ ವಿದ್ವಾಂಸನು 1416ರಲ್ಲಿ ಸಂತ ಗಾಲ್ ಮಠದ ಗೋಪುರದಲ್ಲಿ ಧೂಳು ಮುಸುಕಿ ಬಿದ್ದಿದ್ದ ಕ್ವಿಂಟಿಲಿಯನ್ನನ ಗ್ರಂಥವನ್ನು ಪತ್ತೆಹಚ್ಚಿ ಸ್ವಹಸ್ತದಿಂದ ನಕಲು ಮಾಡಿಕೊಂಡನು. ವ್ಯಾಕರಣ, ಕಾವ್ಯ, ಇತಿಹಾಸ, ನೀತಿಶಾಸ್ತ್ರಗಳ ಮೂಲಕ ಮನುಷ್ಯನನ್ನು ಸಂಸ್ಕರಿಸಬೇಕೆಂಬ ಇವರ ಮಾರ್ಗಕ್ಕೆ ಮುಂದೆ ಮಾನವತಾವಾದವೆಂಬ ಹೆಸರು ಬಂದಿತು. ಇದಕ್ಕೆ ಆಸರೆಯಾದವರಲ್ಲಿ ಲೇವಾದೇವಿಗಾರನಾದ ಕೊಸಿಮೊ ಮೆದಿಚಿ ಪ್ರಮುಖನು. ಅವನ ಒಂದು ಗ್ರಂಥಭಂಡಾರಕ್ಕಾಗಿ 45 ಮಂದಿ ಲಿಪಿಕಾರರು 22 ತಿಂಗಳಲ್ಲಿ 200 ಸಂಪುಟಗಳನ್ನು ಬರೆದರೆಂದು ಆ ಕೆಲಸ ವಹಿಸಿಕೊಂಡಿದ್ದ ಪುಸ್ತಕ ವ್ಯಾಪಾರಿ ವೆಸ್ಪಸಿಯಾನೊ ತಿಳಿಸಿದ್ದಾನೆ.

ಇದೇ ಪೊಜ್ಜೊನಿಗೂ ನಮ್ಮ ಸೀಮೆಗೂ ಒಂದು ನಂಟಿದೆ. ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದಿದ್ದ ವೆನಿಸ್ಸಿನ ವರ್ತಕ ನಿಕೊಲೊ ಕೊಂತಿಯು ಸ್ವದೇಶಕ್ಕೆ ಮರಳಿ ಹೇಳಿದ ವೃತ್ತಾಂತವನ್ನು ಬರೆದಿಟ್ಟವನು ಪೊಜ್ಜೊ. ಆ ರಾಜಧಾನಿಯಾದ ಹಂಪಿಯೂ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೂ 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯಲ್ಲಿ ಒಂದಾಗಿವೆ. ಕೊಂತಿ ಬಂದಾಗ ಅಲ್ಲಿ ಇರುಗಪ್ಪ ದಂಡನಾಯಕನು 1385-86ರಲ್ಲಿ ಕಟ್ಟಿಸಿದ ಕುಂಥುನಾಥ ಜಿನಾಲಯವು ಆಗಲೇ ನಿಂತಿತ್ತು. ಗಾಣಗಿತ್ತಿ ಗುಡಿಯೆಂದು ಜನರು ಕರೆಯುವುದು ಇದನ್ನೇ. ಈ ದಂಡನಾಯಕನು 'ನಾನಾರ್ಥರತ್ನಮಾಲಾ' ಎಂಬ ನಿಘಂಟಿನ ಕರ್ತೃವೂ ಹೌದು.

ಇನ್ನೂ ಹಿಂದಕ್ಕೆ, ಹತ್ತನೆಯ ಶತಮಾನಕ್ಕೆ ಹೋಗೋಣ. 941ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪನು ವಿಕ್ರಮಾರ್ಜುನ ವಿಜಯವನ್ನೂ ಬರೆದನು. ಒಂದರಲ್ಲಿ ಜಿನಾಗಮವನ್ನು, ಇನ್ನೊಂದರಲ್ಲಿ ಲೌಕಿಕವನ್ನು ಬೆಳಗಿದನು. ಮುದುವೊಳಲಿನ ಬಳೆಗಾರರ ಕುಲದಲ್ಲಿ 949ರಲ್ಲಿ ಹುಟ್ಟಿದ ರನ್ನನು ಕವಿಚಕ್ರವರ್ತಿಯಾದನು. ಅವನಿಂದ 993ರಲ್ಲಿ ಅಜಿತಪುರಾಣವನ್ನು ಬರೆಸಿದವಳು, ಸಮರದಲ್ಲಿ ಪತಿಯನ್ನು ಕಳೆದುಕೊಂಡ ದಾನಚಿಂತಾಮಣಿ ಅತ್ತಿಮಬ್ಬೆ. ಅವಳು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಒಂದೊಂದು ಅಕ್ಷರವನ್ನೂ ಓಲೆಯ ಮೇಲೆ ಕಂಟದಿಂದ ಕೊರೆಯಬೇಕಾಗಿದ್ದ ಕಾಲದ ಸಾವಿರವಿದು. ಕೊಸಿಮೊನ 200 ಸಂಪುಟಗಳಿಗಿಂತ ನಾಲ್ಕು ಶತಮಾನಗಳಿಗೂ ಹಿಂದಿನ ಮಾತು. ಕೊಸಿಮೊ ಭಂಡಾರವನ್ನು ತುಂಬಿಸಿದನು. ಅತ್ತಿಮಬ್ಬೆ ಮನೆಮನೆಗೆ ಗ್ರಂಥವನ್ನು ಮುಟ್ಟಿಸಲೆಳಸಿದಳು.

ತತ್ತ್ವದಲ್ಲಿಯೂ ಹೋಲಿಕೆಯಿದೆ. ಮನುಷ್ಯನಿಗೆ ನಿಯತವಾದ ಸ್ಥಾನವಿಲ್ಲ, ತನ್ನ ಆಯ್ಕೆಯಿಂದಲೇ ಅವನು ಪಶುತ್ವಕ್ಕಿಳಿಯಬಲ್ಲ, ದಿವ್ಯತ್ವಕ್ಕೇರಬಲ್ಲ ಎಂದು 1486ರಲ್ಲಿ ಪಿಕೊ ಎಂಬ ಇಟಲಿಯ ತರುಣನು ಬರೆದನು. ದೇವಗತಿಯಲ್ಲಿಯೂ ದೊರೆಯದ ಸಂಯಮವು ಮನುಷ್ಯ ಪರ್ಯಾಯದಲ್ಲಿ ದೊರೆಯುತ್ತದೆ, ಮೋಕ್ಷವು ಇಲ್ಲಿಂದಲೇ ಎಂಬ ಜಿನವಾಣಿಯನ್ನು ಕೇಳಿ ಬೆಳೆದವರಿಗೆ ಇದು ಅಪರಿಚಿತವಲ್ಲ. ಆದರೆ ಜ್ಞಾನವೊಂದೇ ಸಾಲದು. ಅದೇ ಫ್ಲಾರೆನ್ಸಿನ ಮಹಾಮಂದಿರದಲ್ಲಿ 1478ರಲ್ಲಿ ಪೂಜೆ ನಡೆಯುತ್ತಿರುವಾಗಲೇ ಮೆದಿಚಿ ಮನೆತನದ ಯುವಕನನ್ನು ಇರಿದು ಕೊಂದರು. ಸಮ್ಯಗ್ಜ್ಞಾನದ ಜೊತೆಗೆ ಸಮ್ಯಕ್ಚಾರಿತ್ರವನ್ನು ನಮ್ಮವರು ಏಕೆ ಹೇಳಿದರೆಂಬುದು ಇಲ್ಲಿ ಅರ್ಥವಾಗುತ್ತದೆ. 16ನೆಯ ಶತಮಾನದ ಎರಡನೆಯ ದಶಕದಲ್ಲಿ ಕೊಚ್ಚಿಯಿಂದ ಮೆದಿಚಿ ಮನೆತನಕ್ಕೆ ಪತ್ರ ಬರೆದ ಆಂದ್ರೆಯಾ ಕೊರ್ಸಾಲಿಯು, ಗುಜರಾತಿಗಳು ರಕ್ತವಿರುವ ಯಾವುದನ್ನೂ ತಿನ್ನುವುದಿಲ್ಲ, ಜೀವಿಗಳಿಗೆ ನೋವಾಗಗೊಡುವುದಿಲ್ಲ ಎಂದು ವಿವರಿಸಿ, ಈ ಗುಣದಲ್ಲಿ ಅವರನ್ನು ಲಿಯೊನಾರ್ಡೊ ದ ವಿಂಚಿಗೆ ಹೋಲಿಸಿದ್ದಾನೆ. ಅವನು ಜೈನರೆಂದು ಹೆಸರಿಸಿಲ್ಲವಾದರೂ ಅಹಿಂಸೆಯನ್ನು ಗುರುತಿಸಿದನು.

ಇಷ್ಟರಿಂದ ಹೆಮ್ಮೆಪಡುವುದು ಸುಲಭ. ಆದರೆ ಪೂರ್ವಜರ ಜಮೆಯನ್ನು ನಮ್ಮ ಜಮೆಯೆಂದು ಬರೆದುಕೊಳ್ಳಲಾಗದು. ನಮ್ಮ ಸೀಮೆಯ ಕೋಗಳಿಯು ಒಂದು ಕಾಲಕ್ಕೆ 'ಕೋಗಳಿ ಐನೂರು' ಎಂಬ ನಾಡಿನ ಕೇಂದ್ರವಾಗಿತ್ತು. ದುರ್ವಿನೀತನು ಕಟ್ಟಿಸಿದ ಅಲ್ಲಿಯ ಬಸದಿಗೆ ಇಂದ್ರಕೀರ್ತಿ ಮುನಿಗಳು ದತ್ತಿ ಬಿಟ್ಟುದನ್ನು 1055ರ ಶಾಸನವು ಹೇಳುತ್ತದೆ. ಚೆನ್ನಪಾರ್ಶ್ವದೇವರಿಗೆ ಹಲವರು ಹೊನ್ನು ಕೊಟ್ಟುದು 1275 ಮತ್ತು 1276ರ ಶಾಸನಗಳಲ್ಲಿದೆ. ಕಲ್ಲಿನಲ್ಲಿ ಬರೆದುದರಿಂದ ಅವರ ಲೆಕ್ಕ ಉಳಿಯಿತು. ನಮ್ಮ ಕೈಗೆ ಬಂದುದನ್ನು ನಾವು ಹೇಗೆ ಉಳಿಸಿದೆವು?

ಪರರನ್ನು ದೂರುವ ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ನಮ್ಮ ಮನೆಯ ಅಟ್ಟದಲ್ಲಿ ಅಜ್ಜನವರ ಕಾಲದ ಓಲೆಗರಿಯ ಕಟ್ಟೊಂದಿತ್ತು. ಅಂಗಡಿಯ ಕಿರ್ದಿ, ಖಾತೆ ಪುಸ್ತಕಗಳನ್ನು ತೆರಿಗೆಯವರು ಕೇಳಿಯಾರೆಂದು ಕಬ್ಬಿಣದ ಕಪಾಟಿನಲ್ಲಿ ಜೋಪಾನವಾಗಿಟ್ಟಿದ್ದೆ. ಮನೆ ದುರಸ್ತಿಗೆಂದು ಅಟ್ಟವನ್ನು ಬಿಚ್ಚಿಸಿದಾಗ ಓಲೆಗಳನ್ನು ಗೆದ್ದಲು ತಿಂದು ಎರಡು ಹಲಗೆಗಳು ಮಾತ್ರ ಉಳಿದಿದ್ದವು. ಅದು ಯಾವ ಗ್ರಂಥವೆಂದು ನಾನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.

ಆದ್ದರಿಂದ ಬಸದಿಗಳ ಟ್ರಸ್ಟಿನವರಲ್ಲಿ ನನ್ನ ವಿನಂತಿ ಇಷ್ಟೇ. ವಾರ್ಷಿಕ ಆಯವ್ಯಯದಲ್ಲಿ ಶಾಸ್ತ್ರದಾನಕ್ಕೆಂದು ಪ್ರತ್ಯೇಕ ಬಾಬನ್ನು ತೆರೆಯಿರಿ. ಜೀರ್ಣೋದ್ಧಾರದಲ್ಲಿ ಗೋಡೆಗೆ ಬಣ್ಣ ಬಳಿಯುವ ಮುನ್ನ ಶಾಸನಗಳ ಪಡಿಯಚ್ಚನ್ನೂ ಛಾಯಾಚಿತ್ರವನ್ನೂ ತೆಗೆಸಿರಿ. ಮನೆಗಳಲ್ಲಿರುವ ಓಲೆಗರಿ, ಕೈಬರಹಗಳ ಪಟ್ಟಿ ಮಾಡಿ, ಬಲ್ಲವರಿಂದ ಓದಿಸಿ, ಪ್ರತಿಚಿತ್ರ ಮಾಡಿಸಿರಿ. ಷಟ್ಖಂಡಾಗಮವು ಗ್ರಂಥಸ್ಥವಾದ ನೆನಪಿಗೆ ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿಯನ್ನು ಆಚರಿಸುತ್ತೇವೆ. ಬರುವ ಶ್ರುತಪಂಚಮಿಯಂದು ಗ್ರಂಥಕ್ಕೆ ಅಕ್ಷತೆಯಿಡುವುದರ ಜೊತೆಗೆ, ಪ್ರತಿ ಮನೆಯವರೂ ತಮ್ಮ ಅಟ್ಟವನ್ನು ಹತ್ತಿ ನೋಡಲಿ.