ಕಡಿದಾಳ್ ಮಂಜಪ್ಪ

ಕಡಿದಾಳ್ ಮಂಜಪ್ಪ ಶಿವಮೊಗ್ಗ ಜಿಲ್ಲೆಯ ವಕೀಲರು, ಸ್ವಾತಂತ್ರ್ಯ ಹೋರಾಟಗಾರರು, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಕಾಂಗ್ರೆಸ್ ನಾಯಕರು. ಆ ಪದವಿಯಲ್ಲಿದ್ದದ್ದು ಎರಡೂವರೆ ತಿಂಗಳಷ್ಟೇ. ಅವರನ್ನು ನೆನೆಯಬೇಕಾದದ್ದು ಕಂದಾಯ ಸಚಿವರಾಗಿ ಭೂಮಿಯ ವಿಷಯದಲ್ಲಿ ಮಾಡಿದ ಕೆಲಸಕ್ಕಾಗಿ.

ಅವರು ತೀರ್ಥಹಳ್ಳಿ ತಾಲ್ಲೂಕಿನವರು. ಕಾನೂನು ಓದಿ ಶಿವಮೊಗ್ಗ ಜಿಲ್ಲೆಯಲ್ಲೇ ವಕೀಲಿ ಮಾಡಿದರು. ಮಲೆನಾಡಿನಲ್ಲಿ ಆಗ ಗದ್ದೆ ಒಡೆಯರದು, ದುಡಿಮೆ ಒಕ್ಕಲಿನದು. ಸುಗ್ಗಿ ಮುಗಿದರೆ ಗೇಣಿಯ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡಬೇಕು. ಕರಾರು ಬಹುಮಟ್ಟಿಗೆ ಬಾಯಿಮಾತಿನದು. ತಲೆಮಾರುಗಳಿಂದ ಉಳುತ್ತಿದ್ದ ಜಮೀನಿಗೂ ಒಕ್ಕಲಿನ ಕೈಯಲ್ಲಿ ಒಂದು ಚೀಟಿ ಇರುತ್ತಿರಲಿಲ್ಲ, ಬಿಡು ಎಂದರೆ ಬಿಡಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸಿಡಿದೆದ್ದದ್ದೂ ಕೊಳಗದ ಅಳತೆಯ ಮೇಲೆಯೇ. ಅಳೆಯುವ ಕೊಳಗ ದೊಡ್ಡದಾದಷ್ಟೂ ಒಕ್ಕಲಿನ ಮನೆಯ ಅನ್ನ ಕಡಿಮೆಯಾಗುತ್ತಿತ್ತು. ಆ ಸತ್ಯಾಗ್ರಹ ಸಮಾಜವಾದಿಗಳದು, ಮಂಜಪ್ಪ ಕಾಂಗ್ರೆಸ್ಸಿನವರು. ಆದರೂ ಕಾಗೋಡಿನ ಕೂಗಿಗೆ ಕಾನೂನಿನ ರೂಪ ಕೊಡುವ ಹೊಣೆ ಹೆಚ್ಚಾಗಿ ಬಿದ್ದದ್ದು ಅದೇ ಜಿಲ್ಲೆಯ ಈ ವಕೀಲರ ಮೇಲೆ.

ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಸಂಪುಟದಲ್ಲಿ ಮಂಜಪ್ಪ ಕಂದಾಯ ಸಚಿವರಾಗಿದ್ದರು. ಇನಾಂ, ಅಂದರೆ ಕೊಡುಗೆಯಾಗಿ ಬಂದ ಜಮೀನಿನ ಹಕ್ಕುಗಳ ರದ್ದತಿಯ ಕಾನೂನು ಬಂದದ್ದು ಆ ಅವಧಿಯಲ್ಲಿ. ಹನುಮಂತಯ್ಯ ಅಧಿಕಾರ ಬಿಟ್ಟಾಗ, 1956ರ ಆಗಸ್ಟ್ 19ರಂದು ಮಂಜಪ್ಪ ಮುಖ್ಯಮಂತ್ರಿಯಾದರು. ಅಕ್ಟೋಬರ್ 31ರವರೆಗೆ ಇದ್ದು, ಮರುದಿನ, ಕರ್ನಾಟಕದ ಏಕೀಕರಣದ ದಿನ, ಎಸ್. ನಿಜಲಿಂಗಪ್ಪನವರಿಗೆ ಆಡಳಿತ ಬಿಟ್ಟುಕೊಟ್ಟರು. ಹಳೆಯ ಮೈಸೂರು ರಾಜ್ಯದ ಕೊನೆಯ ಮುಖ್ಯಮಂತ್ರಿ ಅವರೇ.

ಬಿ.ಡಿ. ಜತ್ತಿ ಮುಖ್ಯಮಂತ್ರಿಯಾಗಿದ್ದಾಗ ಮತ್ತೆ ಕಂದಾಯ ಖಾತೆ ಅವರ ಪಾಲಿಗೆ ಬಂತು. 1961ರ ಭೂಸುಧಾರಣಾ ಕಾನೂನನ್ನು ಶಾಸನಸಭೆಯಲ್ಲಿ ದಡ ಮುಟ್ಟಿಸಿದ್ದು ಅವರು. ಗೇಣಿಯನ್ನು ಅದು ಬೆಳೆಯ ನಾಲ್ಕನೆಯ ಅಥವಾ ಐದನೆಯ ಒಂದು ಪಾಲಿಗೆ ಇಳಿಸಿತು, ಹಿಡುವಳಿಗೆ ಮಿತಿ ಹಾಕಿತು. ಆದರೆ ಸ್ವಂತ ಸಾಗುವಳಿಗೆ ಬೇಕೆಂದು ಒಡೆಯ ಗೇಣಿ ಜಮೀನಿನ ಒಂದು ಭಾಗವನ್ನು ಹಿಂದಕ್ಕೆ ಪಡೆಯಲು ಅದರಲ್ಲಿ ಅವಕಾಶ ಉಳಿಯಿತು. ಕಾನೂನಿನ ಬಲವೆಲ್ಲ ಸೋರಿಹೋದದ್ದು ಈ ಕಿಂಡಿಯಲ್ಲಿ. ಅದು ಜಾರಿಗೆ ಬಂದದ್ದೂ 1965ರಲ್ಲಿ. ಆ ಹೊತ್ತಿಗೆ ಬಲ್ಲವರು ತಮ್ಮ ಜಮೀನು, ದಾಖಲೆ ಎರಡನ್ನೂ ಸರಿಮಾಡಿಕೊಂಡಿದ್ದರು. ಇಷ್ಟಾದರೂ 1961ರ ಕಾನೂನನ್ನು ಬರೀ ಸೋಲೆಂದು ತಳ್ಳಿಹಾಕುವುದು ಸರಿಯಲ್ಲ. ದೇವರಾಜ ಅರಸರ ಸರ್ಕಾರ 1974ರಲ್ಲಿ ಹೊಸ ಕಾನೂನು ಬರೆಯಲಿಲ್ಲ, ಇದನ್ನೇ ತಿದ್ದಿತು.

ಮಂಜಪ್ಪನವರ ಆತ್ಮಕಥೆಯ ಹೆಸರು ‘ನನಸಾಗದ ಕನಸು’. ಅವರು ತೀರಿಕೊಂಡದ್ದು 1992ರಲ್ಲಿ. ಅಷ್ಟರೊಳಗೆ 1974ರ ತಿದ್ದುಪಡಿಯಂತೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಕೂತು, ಉಳುವವರ ಅರ್ಜಿಗಳ ವಿಚಾರಣೆ ನಡೆದಿತ್ತು. ಆ ಮಂಡಳಿಗಳ ಮುಂದೆ ವಕೀಲರು ಹಾಜರಾಗಬಾರದೆಂದು ಕಾನೂನು ಮೊದಲಿಗೆ ತಡೆದಿತ್ತು. ಗೇಣಿದಾರ ತಾನೇ ನಿಂತು, ಈ ಗದ್ದೆ ಉಳುತ್ತಿರುವವನು ನಾನು ಎಂದು ಹೇಳಬೇಕಿತ್ತು.