ನಾಡಿ

ಮೊಳಕಾಲ್ಮುರಿನ ರೇಷ್ಮೆ ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಗೂ ನಮ್ಮ ಮಣಿಕಟ್ಟಿನ ನಾಡಿಗೂ ನಂಟುಂಟು. ಸಂಸ್ಕೃತದ ನಾಡಿ, ನಾಳಿ ಎಂದರೆ ಟೊಳ್ಳು ಕೊಳವೆ. ನಾಳಿಯೇ ಕನ್ನಡದ ಬಾಯಲ್ಲಿ ಲಾಳಿ. ಎಣ್ಣೆ ಗಿರಣಿಗಳ ಚಳ್ಳಕೆರೆಯಲ್ಲಿ ಡಬ್ಬಿಗೆ ಎಣ್ಣೆ ಹೊಯ್ಯುವ ಲಾಳಿಕೆಯೂ ಅದೇ ಮನೆತನದ್ದು. ಕೊಳವೆಯ ಹೆಸರು ಬರಬರುತ್ತಾ ಅದರೊಳಗಿನ ಮಿಡಿತಕ್ಕೇ ನಿಂತಿತು. ಜನರ ನಾಡಿ ಬಲ್ಲವರು ಎಂಬ ಮಾತೂ ಅಲ್ಲಿಂದಲೇ.

ಪ್ಯಾರಾಮೆಡಿಕಲ್ ಪರೀಕ್ಷೆಗೆ ಓದುವ ಮಕ್ಕಳಿಗೆ ನಾಡಿ ನೋಡುವುದು ಮೊದಲ ಪಾಠಗಳಲ್ಲೊಂದು. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ನಿಮಿಷಕ್ಕೆ 60ರಿಂದ 100. ಹೆಬ್ಬೆರಳಿಟ್ಟು ನೋಡಬಾರದು, ನಿಮ್ಮದೇ ಮಿಡಿತ ಎಣಿಸಿಬಿಡುತ್ತೀರಿ. ತೋರುಬೆರಳು, ನಡುಬೆರಳು ಸಾಕು. ಪ್ರಜ್ಞೆ ತಪ್ಪಿದ ವಯಸ್ಕರಿಗೆ ಕುತ್ತಿಗೆಯಲ್ಲಿ, ಹಸುಗೂಸಿಗೆ ತೋಳಿನ ಒಳಬದಿಯಲ್ಲಿ ಹುಡುಕಬೇಕು. ಉಸಿರಿಲ್ಲದೆ, 10 ಸೆಕೆಂಡಿನೊಳಗೆ ನಾಡಿಯೂ ಸಿಗದಿದ್ದರೆ ತಕ್ಷಣ ಎದೆ ಒತ್ತಲು ಶುರುಮಾಡಬೇಕು.